ಊರಿನಲ್ಲಿ ನಿಂತ ಕೈಗಳು



ಮೂವತ್ತು ವರ್ಷಗಳ ಹಿಂದೆ, ನಾನು ಉಪಾಧ್ಯಾಯನಾಗಿ ಮೊದಲು ಸೇರಿದ ಗಡಿಯ ಹಳ್ಳಿಯಲ್ಲಿ, ನನ್ನ ತರಗತಿಯ ಬಾಲಕನೊಬ್ಬನ ತಾಯಿ ಹೆರಿಗೆಯ ಬೇನೆಯಲ್ಲಿ ತೀರಿಕೊಂಡಳು. ಆಕೆಯನ್ನು ಪೇಟೆಯ ಆಸ್ಪತ್ರೆಗೆ ಸಾಗಿಸಿದುದೇನೋ ಆಯಿತು. ಅಲ್ಲಿ ಕಟ್ಟಡವಿತ್ತು, ಮೇಜಿತ್ತು, ದೀಪವಿತ್ತು. ಶಸ್ತ್ರ ಹಿಡಿಯುವ ವೈದ್ಯರು ಮಾತ್ರ ವರ್ಗವಾಗಿ ಹೋಗಿ ಎಂಟು ತಿಂಗಳಾಗಿತ್ತು. ಈ ತಿಂಗಳು ದೂರದ ಮೊಜಾಂಬಿಕ್ ದೇಶದ ಸಂಗತಿಯನ್ನು ಬರೆಯಲು ಆ ನೆನಪೇ ಪ್ರೇರಣೆ.

ಜಗತ್ತಿನ 500 ಕೋಟಿ ಜನರಿಗೆ ಸುರಕ್ಷಿತವೂ ಕೈಗೆಟಕುವಂಥದೂ ಆದ ಶಸ್ತ್ರಚಿಕಿತ್ಸೆ ಸಕಾಲದಲ್ಲಿ ದೊರೆಯುವುದಿಲ್ಲವೆಂದು 'ಲ್ಯಾನ್ಸೆಟ್' ವೈದ್ಯಪತ್ರಿಕೆಯ ಆಯೋಗವು 2015ರಲ್ಲಿ ಲೆಕ್ಕಹಾಕಿತು. ಬಡರಾಷ್ಟ್ರಗಳಲ್ಲಿ ಶಸ್ತ್ರವೈದ್ಯರು ವಿರಳ. ಇರುವವರಲ್ಲಿಯೂ ಹೆಚ್ಚಿನವರು ನಗರವಾಸಿಗಳು. ಈ ಕೊರತೆಯನ್ನು ಮೊಜಾಂಬಿಕ್ ಎದುರಿಸಿದ ಬಗೆ ವಿಚಾರಾರ್ಹವಾದುದು.

ಆಫ್ರಿಕದ ಪೂರ್ವ ಕರಾವಳಿಯ ಆ ದೇಶವು 1975ರಲ್ಲಿ ಪೋರ್ಚುಗೀಸರ ಆಳ್ವಿಕೆಯಿಂದ ವಿಮುಕ್ತವಾಯಿತು. ಆಳುವವರೊಂದಿಗೆ ವೈದ್ಯರಲ್ಲಿ ಬಹುಪಾಲು ಮಂದಿಯೂ ದೇಶ ಬಿಟ್ಟರು. ಮರುಗಳಿಗೆಯೆಂಬಂತೆ 1977ರಲ್ಲಿ ಮೊದಲಾದ ಅಂತರ್ಯುದ್ಧ 1992ರ ತನಕ ನಡೆಯಿತು. ಗಾಯಾಳುಗಳು ಹೆಚ್ಚಿದರು, ಹೆರಿಗೆಗಳಂತೂ ಯುದ್ಧಕ್ಕಾಗಿ ಕಾಯುವುದಿಲ್ಲ. ಆಗ ಆರೋಗ್ಯಸಚಿವರಾಗಿದ್ದ ಪಾಸ್ಕೋಲ್ ಮೊಕುಂಬಿಯವರು ತಾವೇ ವೈದ್ಯರು. ಮುಂದೆ ಪ್ರಧಾನಿಯೂ ಆದರು. ಅವರ ಕಾಲದಲ್ಲಿ, 1984ರಲ್ಲಿ, ಹೊಸದೊಂದು ಶಿಕ್ಷಣ ಪ್ರಾರಂಭವಾಯಿತು. ಅನುಭವವುಳ್ಳ ದಾದಿಯರನ್ನೂ ವೈದ್ಯಸಹಾಯಕರನ್ನೂ ಆರಿಸಿ, ಎರಡು ವರ್ಷ ರಾಜಧಾನಿ ಮಪುಟೊದ ಆಸ್ಪತ್ರೆಯಲ್ಲಿ, ಒಂದು ವರ್ಷ ಪ್ರಾಂತದ ಆಸ್ಪತ್ರೆಯಲ್ಲಿ ತರಬೇತು ಕೊಟ್ಟರು. ಸಿಸೇರಿಯನ್, ಬಿರಿದ ಗರ್ಭಕೋಶ, ಸಿಕ್ಕಿಕೊಂಡ ಅಂಡವಾಯು, ಗಾಯಗಳು—ತಡವಾದರೆ ಪ್ರಾಣಕ್ಕೆ ಎರವಾಗುವಂಥವುಗಳ ಚಿಕಿತ್ಸೆಯನ್ನು ಕಲಿಸಿ ಜಿಲ್ಲೆಗಳಿಗೆ ಕಳುಹಿಸಿದರು.

ಬಡವನಿಗೆ ಅರೆಕಲಿತವನ ಕತ್ತಿಯೇ ಎಂಬ ಆಕ್ಷೇಪ ಏಳುವುದು ಸಹಜ. ನಾನಾದರೂ ಹಾಗೆಯೇ ಕೇಳುತ್ತಿದ್ದೆ. ಆದರೆ ಪರೀಕ್ಷಿಸಿದವರ ಉತ್ತರ ಬೇರೆ. ಮಪುಟೊದಲ್ಲಿ ನಡೆದ 2071 ಸಿಸೇರಿಯನ್‌ಗಳನ್ನು ಹೋಲಿಸಿದ ಅಧ್ಯಯನವು 1996ರಲ್ಲಿ ಪ್ರಕಟವಾಯಿತು. ತಜ್ಞವೈದ್ಯರ ಕೈಯವುಗಳಿಗೂ ಇವರ ಕೈಯವುಗಳಿಗೂ ಫಲಿತಾಂಶದಲ್ಲಿ ಗಣನೀಯ ಅಂತರ ಕಾಣಲಿಲ್ಲ. 2002ರ ಲೆಕ್ಕದಂತೆ, ಜಿಲ್ಲಾ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಪ್ರಸೂತಿ ಶಸ್ತ್ರಕ್ರಿಯೆಗಳಲ್ಲಿ ನೂರಕ್ಕೆ 92 ಇವರವೇ ಆಗಿದ್ದುವು.

ನನ್ನನ್ನು ಹೆಚ್ಚಾಗಿ ತಟ್ಟಿದ ಅಂಶ ಇನ್ನೊಂದು. ಜಿಲ್ಲೆಗಳಿಗೆ ನೇಮಕಗೊಂಡವರು ಏಳು ವರ್ಷಗಳ ತರುವಾಯ ಎಲ್ಲಿದ್ದಾರೆಂದು ಸಂಶೋಧಕರು ಹುಡುಕಿದರು. ಈ ಸಹಾಯಕರಲ್ಲಿ ನೂರಕ್ಕೆ ಸುಮಾರು 90 ಮಂದಿ ಜಿಲ್ಲಾ ಆಸ್ಪತ್ರೆಗಳಲ್ಲಿಯೇ ಉಳಿದಿದ್ದರು. ವೈದ್ಯರಲ್ಲಿ ಒಬ್ಬರೂ ಉಳಿದಿರಲಿಲ್ಲ.

ವೈದ್ಯರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ನೀರು, ಮನೆ, ಮಕ್ಕಳಿಗೆ ಶಾಲೆ ಇಲ್ಲದ ಕಡೆ ಯಾರು ತಾನೆ ಬಹುಕಾಲ ನಿಂತಾರು? ಸಹಾಯಕರು ನಿಂತುದಕ್ಕೂ ಕೇವಲ ತ್ಯಾಗಬುದ್ಧಿಯೇ ಕಾರಣವಾಗಿರಲಾರದು. ಪರದೇಶದಲ್ಲಿ ಮನ್ನಣೆ ಇಲ್ಲದ ಅರ್ಹತೆ ಅವರದು. ಹಾಗೆಂದು ಅವರ ನಿಲುವನ್ನೇ ಅಗ್ಗವೆಂದು ಬಗೆದು, ಸಂಬಳ ಬಡ್ತಿಗಳನ್ನು ಮರೆಯುವುದು ಅನ್ಯಾಯ. ಜೊತೆಗೆ ರಕ್ತ, ಅರಿವಳಿಕೆ, ಶುದ್ಧವಾದ ಉಪಕರಣ ಇವಿಲ್ಲದಿದ್ದರೆ ಎಷ್ಟು ಪಳಗಿದ ಕೈಯೂ ವ್ಯರ್ಥ. ಬಿಗಡಾಯಿಸಿದ ರೋಗಿಯನ್ನು ಕಳುಹಿಸಲು ಮೇಲೊಬ್ಬ ತಜ್ಞನೂ ಇರಲೇಬೇಕು.

ಆದರೂ ಉಪಾಧ್ಯಾಯರ ತರಬೇತಿ ಹೊಂದಿ ಹಳ್ಳಿಯಲ್ಲಿಯೇ ತಲೆ ನರೆಸಿಕೊಂಡ ನನಗೆ ಇದರ ಮರ್ಮ ತಿಳಿಯುತ್ತದೆ. ದೊಡ್ಡ ಪದವಿಯವರು ಬಂದು, ವರ್ಗದ ಅರ್ಜಿ ಬರೆದು ಹೋದುದನ್ನು ಕಂಡಿದ್ದೇನೆ. ಚಿಕ್ಕ ಸರ್ಟಿಫಿಕೇಟಿನವರು ಮೂರು ತಲೆಮಾರಿಗೆ ಅಕ್ಷರ ಕಲಿಸಿದುದನ್ನೂ ಕಂಡಿದ್ದೇನೆ. ಯಾರಿಗೆ ಕಲಿಸಬೇಕೆಂದು ಆರಿಸುವಾಗ, ಕಲಿತ ಮೇಲೆ ಅವರು ಎಲ್ಲಿರುವರೆಂಬುದನ್ನೂ ಯೋಚಿಸಬೇಕು. ಆ ರಾತ್ರಿ ಪೇಟೆಯ ಆಸ್ಪತ್ರೆಯಲ್ಲಿ ಬೇಕಾಗಿದ್ದುದು ಜಗದ್ವಿಖ್ಯಾತ ತಜ್ಞರಲ್ಲ. ಆ ಒಂದು ಕೆಲಸವನ್ನು ಚೆನ್ನಾಗಿ ಕಲಿತು, ಅಲ್ಲಿಯೇ ಇದ್ದ ಒಬ್ಬರು.