ಎರಡು ಸೂಜಿ, ಒಂದು ಗೇಟು

2025ರ ಜುಲೈಲಿ ಎಂಗಳ ಮನೆಲಿ ಮಾವನ ತಿಥಿ. ವಡೆ, ಸುಕ್ರುಂಡೆ ಎಲ್ಲ ಹೊಟ್ಟೆ ತುಂಬ ಉಂಡಿಕ್ಕಿ, ಗೆಂಡುಮಕ್ಕೊ ಜೆಗಿಲಿಲಿ ಎಲೆ ತಟ್ಟೆ ಮಡಗಿಗೊಂಡು ಕೂದಿಪ್ಪಗ ಹಾಸನದ ಸುದ್ದಿ ಬಂತು. ನಿಂಗೊಗೆ ನೆಂಪಿಕ್ಕು. ತಿಂಗಳೊಂದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜೆನ ಹೃದಯಾಘಾತಲ್ಲಿ ಹೋದವು ಹೇಳಿ ಟೀವಿಲಿ ಇಡೀ ದಿನ ಅದೇ. ಲಸಿಕೆಯ ಗಡಿಬಿಡಿಲಿ ಒಪ್ಪಿ ಜೆನಂಗೊಕ್ಕೆ ಕೊಟ್ಟದುದೆ ಒಂದು ಕಾರಣ ಆಗಿಪ್ಪಲೂ ಸಾಕು ಹೇಳಿ ಮುಖ್ಯಮಂತ್ರಿ ಸಿದ್ದರಾಮಯ್ಯನೇ ಹೇಳಿದ ಮತ್ತೆ ಕೇಳೆಕ್ಕೋ?

"ಆನು ಅಂದೇ ಹೇಳಿದ್ದೆ" ಹೇಳಿದವು ಯೆಜಮಾನ್ರ ಸೋದರಮಾವ°, ಎಲೆಗೆ ಸುಣ್ಣ ಉದ್ದಿಗೊಂಡು. ಅವು ಅಂದು ಎಂತ ಹೇಳಿದ್ದವು ಹೇಳಿ ಆರಿಂಗೂ ನೆಂಪಿಲ್ಲೆ. ಎರಡು ಡೋಸುದೆ ಬೂಸ್ಟರುದೆ ಸಾಲಿಲಿ ನಿಂದು ತೆಕ್ಕೊಂಡ ಜೆನ ಅವು!

ಆನು ಒಳ ಪಾತ್ರ ಸೇರ್ಸಿಗೊಂಡಿತ್ತಿದ್ದೆ. ಕೈ ಉದ್ದಿಗೊಂಡು ಹೆರ ಬಂದು ಹೇಳಿದೆ. ಐಸಿಎಮ್‌ಆರಿನವು 2023ರಲ್ಲೇ ಇದರ ನೋಡಿದ್ದವು ಮಾವ. 19 ರಾಜ್ಯದ 47 ಆಸ್ಪತ್ರೆಂದ, ಹದಿನೆಂಟರಿಂದ ನಲುವತ್ತೈದು ವರ್ಷದ ಒಳ, ಕಾರಣ ಗೊಂತಾಗದ್ದೆ ಫಕ್ಕನೆ ತೀರಿಗೊಂಡ 729 ಜೆನರ ವಿವರ ತೆಗದು, ಅದೇ ಪ್ರಾಯದ, ಅದೇ ನೆರೆಕರೆಯ ಬದ್ಕಿಪ್ಪವರ ವಿವರದ ಒಟ್ಟಿಂಗೆ ಹೋಲ್ಸಿದವು. ಲಸಿಕೆ ತೆಕ್ಕೊಂಡವರಲ್ಲಿ ಸಾವು ಹೆಚ್ಚು ಕಂಡಿದಿಲ್ಲೆ. ಎರಡು ಡೋಸು ಆದವರಲ್ಲಿ ಕಮ್ಮಿಯೇ ಕಂಡತ್ತು. ಹೆಚ್ಚು ಕಂಡದು ಕೊರೋನಕ್ಕೆ ಆಸ್ಪತ್ರೆಲಿ ಮನುಗಿದವರಲ್ಲಿ, ಕುಟುಂಬಲ್ಲಿ ಮದಲೇ ಆರಾರು ಹಾಂಗೆ ಫಕ್ಕನೆ ಹೋದವರಲ್ಲಿ, ಸಾವ ಮದಲಾಣ ಎರಡು ದಿನಲ್ಲಿ ವಿಪರೀತ ಕುಡುದವರಲ್ಲಿ, ವಿಪರೀತ ದೇಹದಂಡನೆ ಮಾಡಿದವರಲ್ಲಿ. ಹಾಸನದ ಗಲಾಟೆ ಅಪ್ಪಗ ಕೇಂದ್ರದ ಆರೋಗ್ಯ ಇಲಾಖೆಯವುದೆ ಇದನ್ನೇ ಹೇಳಿದವು.

ಮಾವ° ಎಲ್ಲ ಕೇಳಿದವು. ಎಲೆ ಬಾಯಿಗೆ ಹಾಕಿಗೊಂಡವು. "ಅದು ಅವರ ಲೆಕ್ಕ. ಅಂದುದೆ ಲೆಕ್ಕ ಹೇಳಿತ್ತಿದ್ದವನ್ನೆ, ಎರಡು ಸೂಜಿ ಕುತ್ತುಸಿಗೊಂಡ್ರೆ ಮತ್ತೆ ಎಂತ ತೊಂದರೆಯೂ ಇಲ್ಲೆ ಹೇಳಿ. ನಿನ್ನ ಗೇಟಿಲಿ ಬಿಟ್ಟವೋ?"

ಎನ್ನ ಬಾಯಿ ಕಟ್ಟಿತ್ತು.

ಅಂದಿಂದ ಇದೇ ತಲೆಲಿ ತಿರುಗಿಗೊಂಡಿದ್ದು. ಎನಗೆ ಕಾಂಬದು ಎಂತ ಹೇಳಿರೆ, ಎಂಗಳ ಹೊಡೆಲಿ ಲಸಿಕೆಯ ಮೇಲೆ ಇಪ್ಪ ಸಂಶಯಲ್ಲಿ ಅರ್ಧಕ್ಕರ್ಧ ಲಸಿಕೆಂದ ಬಂದದಲ್ಲ. ಗೇಟಿಂದ ಬಂದದು.

ಎಂಗಳ ಊರು ಗೊಂತಿಲ್ಲದ್ದವಕ್ಕೆ ರಜ ಹೇಳ್ತೆ. ಆನು ಇಪ್ಪದು ಪೆರ್ಲದ ಹೊಡೆಲಿ, ಕೇರಳ. ಅಪ್ಪನ ಮನೆ ವಿಟ್ಲದ ಹೊಡೆಲಿ, ಕರ್ನಾಟಕ. ಎಡೆಲಿ ಸಾರಡ್ಕದ ಗಡಿ. 1956ಲ್ಲಿ ಕಾಸ್ರೋಡು ಕೇರಳಕ್ಕೆ ಸೇರಿತ್ತು, ಆದರೆ ಎಂಗಳ ಮದುವೆ, ಉಪನಯನ, ಅಡಕ್ಕೆ ವ್ಯಾಪಾರ, ಆಸ್ಪತ್ರೆ ಎಲ್ಲ ಅತ್ಲಾಗಿಯೇ ಒಳುದತ್ತು. ಎದೆಬೇನೆ ಬಂದರೆ ಐನ್ನೂರು ಕಿಲೋಮೀಟರಿಂದಲೂ ದೂರದ ತಿರುವನಂತಪುರಕ್ಕೆ ಹೋಪಲೆ ಎಡಿಗೋ? ಕೊಡೆಯಾಲಕ್ಕೇ ಹೋಯೆಕ್ಕಷ್ಟೆ.

ಆ ಮಾರ್ಗಂಗೊಕ್ಕೆ 2020ರ ಮಾರ್ಚಿಲಿ ಮಣ್ಣು ಬಿದ್ದತ್ತು. ಬೇಲಿ ಅಲ್ಲ, ಹಗ್ಗ ಅಲ್ಲ, ಲೋಡುಗಟ್ಲೆ ಮಣ್ಣು. ತಲಪಾಡಿಲಿ ಆಂಬುಲೆನ್ಸುಗೊಕ್ಕುದೆ ತಡೆ. ಚಿಕಿತ್ಸೆಗೆ ಹೆರಟವು ಗಡಿಂದ ತಿರುಗಿ ಬಂದು ತೀರಿಗೊಂಡ ಸುದ್ದಿ ಪೇಪರಿಲಿ ಒಂದರ ಹಿಂದೆ ಒಂದು. ಮಾರ್ಗ ಬಿಡುಸಿ ಹೇಳಿ ಎಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ಹೇಳಿತ್ತು, ಕರ್ನಾಟಕ ಸುಪ್ರೀಂ ಕೋರ್ಟಿಂಗೆ ಹೋತು, ಎಪ್ರಿಲ್ 7ಕ್ಕೆ ಅಲ್ಲಿ ಎರಡೂ ಸರಕಾರಂಗೊ ಒಪ್ಪಂದಕ್ಕೆ ಬಯಿಂದವು ಹೇಳಿ ಕೇಸು ಮುಗುದತ್ತು. ಅದೇ ಎಪ್ರಿಲಿಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಗಡಿಬಿಡಿಲಿ ಕೊರೋನ ಆಸ್ಪತ್ರೆ ಆಗಿ ಬಾಗಿಲು ತೆಗದತ್ತು. ಅದಕ್ಕೆ ಕಲ್ಲು ಹಾಕಿದ್ದು 2013ರಲ್ಲಿ! ಅಷ್ಟು ವರ್ಷ ಎಂತ ಮಾಡಿಗೊಂಡಿತ್ತಿದ್ದವು ಹೇಳಿ ಕೇಳುದು ಬೇಡ.

ಯೆಜಮಾನ್ರು ಹೇಳ್ತವು, ಆ ಮಾರ್ಚಿಲಿ ಆರಿಂಗೂ ಎಂತದೂ ಗೊಂತಿತ್ತಿಲ್ಲೆ, ಹೆದರಿ ಮಾಡಿದವು ಹೇಳಿ. ಒಪ್ಪುವ°. ಬಸ್ಸು ನಿಲ್ಸಿದ್ದು, ಜಾತ್ರೆ ನಿಲ್ಸಿದ್ದು, ಮದುವೆಗೆ ಇಷ್ಟೇ ಜೆನ ಹೇಳಿದ್ದು, ಯೇವದಕ್ಕೂ ಎನ್ನ ತಕರಾರಿಲ್ಲೆ. ಅಪ್ಪನ ತಿಥಿಯ ಆನು ಫೋನಿನ ವೀಡಿಯೊಲ್ಲಿ ನೋಡಿದೆ, ನೆಟ್‌ವರ್ಕು ಹೋಗಿ ಪಿಂಡ ಮಡಗುದು ಕಂಡಿದಿಲ್ಲೆ. ಅದನ್ನೂ ಸಹಿಸಿದೆ. ಆಂಬುಲೆನ್ಸು ತಡದ್ದರ ಮಾಂತ್ರ ಆನು ಮಾಫಿ ಮಾಡೆ.

ಈಗ ಸೂಜಿಯ ಕಥೆ. 2021ರ ಮಾರ್ಚಿಲಿ ಅರುವತ್ತು ಕಳುದವಕ್ಕೆ ಲಸಿಕೆ ಸುರು ಆತು. ಅಬ್ಬೆಗೆ ಎಪ್ಪತ್ನಾಲ್ಕು, ಸಕ್ಕರೆ ಕಾಯಿಲೆದೆ ಇದ್ದು. ಸುರುವಿಂಗೇ ತೆಕ್ಕೊಳೆಕ್ಕಾದ ಜೆನ. ತೆಕ್ಕೊಂಡಿದಿಲ್ಲೆ.

ಅಬ್ಬೆಯ ಮಾತುಗಳ ಎಂಗೊ ಎಲ್ಲೋರೂ ಅಜ್ಞಾನ ಹೇಳಿ ತಳ್ಳಿದೆಯ°. ಈಗ ಗ್ರೇಶಿರೆ ನಾಚಿಕೆ ಆವುತ್ತು, ಎಂತಕೆ ಹೇಳಿರೆ ಒಂದೊಂದರಲ್ಲೂ ರಜ ರಜ ಸತ್ಯ ಇತ್ತು. "ಪೋಲಿಯೋ ಹನಿ ಎಷ್ಟು ವರ್ಷದ್ದು, ಇದು ನಿನ್ನೆ ಮೊನ್ನೆದು" ಹೇಳುಗು. ಅಪ್ಪು, 2021ರ ಜನವರಿಲಿ ಕೊವ್ಯಾಕ್ಸಿನಿಂಗೆ ಒಪ್ಪಿಗೆ ಕೊಡುವಗ ಅದರ ಮೂರನೇ ಹಂತದ ಪರೀಕ್ಷೆಯ ಫಲಿತಾಂಶ ಬಯಿಂದೇ ಇತ್ತಿಲ್ಲೆ. "ಎರಡ್ಣೇದು ಏವಗ ಹೇಳಿ ಅವಕ್ಕೇ ಗೊಂತಿಲ್ಲೆ" ಹೇಳುಗು. ಅದೂ ಅಪ್ಪು. ಕೊವಿಶೀಲ್ಡಿಂಗೆ ಸುರುವಿಂಗೆ ನಾಲ್ಕರಿಂದ ಆರು ವಾರ, ಮಾರ್ಚಿಲಿ ಆರರಿಂದ ಎಂಟು, ಮೇಲಿ ಹನ್ನೆರಡರಿಂದ ಹದಿನಾರು. ಎಡೆ ಹೆಚ್ಚಾದರೆ ಗುಣ ಹೆಚ್ಚು ಹೇಳ್ತದಕ್ಕೆ ಆಧಾರ ಇತ್ತು. ಆದರೆ ಆ ಮೇ ತಿಂಗಳು ಹೇಳಿರೆ ಲಸಿಕೆಯೇ ಸಿಕ್ಕದ್ದ ಸಮಯ. ಇಲ್ಲದ್ದಕ್ಕೆ ಮುಂದೆ ಹಾಕಿದವು ಹೇಳಿ ಜೆನ ಗ್ರೇಶಿದ್ದರಲ್ಲಿ ಎಂತ ತಪ್ಪು?

ರಕ್ತ ಹೆಪ್ಪುಗಟ್ಟುವ ಹೆದರಿಕೆದೆ ಗಾಳಿಲಿ ಹುಟ್ಟಿದ್ದಲ್ಲ. ಅಪರೂಪಲ್ಲಿ ಅಪರೂಪಕ್ಕೆ, ಹೆಚ್ಚಾಗಿ ಸೂಜಿ ತೆಕ್ಕೊಂಡ ಸುರುವಾಣ ಕೆಲವು ವಾರಲ್ಲಿ, ಹಾಂಗಪ್ಪದು ಇದ್ದು ಹೇಳಿ 2021ರಲ್ಲೇ ಯುರೋಪಿಲಿ ಹೇಳಿತ್ತಿದ್ದವು. ನಮ್ಮ ಇಲಾಖೆಯವುದೆ ಹೇಳಿದವು. ಆದರೆ ಆನು ಸೂಜಿ ತೆಕ್ಕೊಂಡಲ್ಲಿ ಆ ಮಾತಿನ ಆರೂ ಹೇಳಿದ್ದವಿಲ್ಲೆ. "ಅರ್ಧ ಗಂಟೆ ಕೂರಿ, ಪಾರಾಸಿಟಮಾಲ್ ಇದ್ದಾ?" ಅಷ್ಟೇ. 2024ರಲ್ಲಿ ಬ್ರಿಟನ್ನಿನ ಕೋರ್ಟಿಂಗೆ ಕಂಪೆನಿ ಕೊಟ್ಟ ಕಾಗತದ ಸುದ್ದಿ ಬಪ್ಪಗ ಎಂಗಳ ವಾಟ್ಸಪ್ ಗುಂಪಿಲಿ ಎಲ್ಲೋರೂ ಎದೆ ಮುಟ್ಟಿ ನೋಡಿಗೊಂಡವು, ಮೂರು ವರ್ಷ ಕಳುದ ಮತ್ತೆ! ಮದಲೇ ಹೇಳಿದ್ದರೆ ಈ ಅವಸ್ಥೆ ಇರ್ತಿತ್ತೋ?

ಅಂಬಗ ತೆಕ್ಕೊಂಬಲಾಗ ಹೇಳಿಯೋ? ಅಲ್ಲಪ್ಪ. ಆನು ಎರಡುದೆ ತೆಕ್ಕೊಂಡೆ, ಇನ್ನು ಬೇಕಾದರೂ ತೆಕ್ಕೊಂಬೆ. ಆ ಎಪ್ರಿಲ್-ಮೇ ತಿಂಗಳಿಲಿ ಆಕ್ಸಿಜನ್ನಿಂಗೆ ಜೆನ ಓಡಿದ್ದರ ನೋಡಿದವಕ್ಕೆ ಅದು ದೊಡ್ಡ ಪ್ರಶ್ನೆಯೇ ಅಲ್ಲ.

ಆಗೋಸ್ತು ಬಂತು. ದೇಶಲ್ಲಿ ದಿನಕ್ಕೆ ಬಪ್ಪ ಕೇಸಿಲಿ ಅರ್ಧಕ್ಕಿಂತ ಹೆಚ್ಚು ಕೇರಳಂದಲೇ. ಕರ್ನಾಟಕ ಹೆದರಿದ್ದು ತಪ್ಪು ಹೇಳಿ ಆನು ಹೇಳೆ. ಕೇರಳಂದ ಬಪ್ಪವು 72 ಗಂಟೆ ಒಳಾಣ ಆರ್‌ಟಿಪಿಸಿಆರ್ ನೆಗೆಟಿವ್ ತೋರ್ಸೆಕ್ಕು, ಎರಡು ಡೋಸು ಆಗಿದ್ದರೂ ತೋರ್ಸೆಕ್ಕು ಹೇಳಿ ಜುಲೈ 31ಕ್ಕೆ ಆದೇಶ ಆತು. ಮಜಾ ನೋಡಿ, ಮತ್ತಾಣ ವಾರವೇ ಕೇರಳಲ್ಲಿ ಬೇರೆ ಆದೇಶ. ಅಂಗಡಿಗೆ ಹೋಯೆಕ್ಕಾರೆ ಒಂದು ಡೋಸು ಆಗಿ ಎರಡು ವಾರ ಕಳಿಯೆಕ್ಕು, ಇಲ್ಲದ್ದರೆ 72 ಗಂಟೆಯ ನೆಗೆಟಿವ್, ಅದೂ ಇಲ್ಲದ್ದರೆ ಕೊರೋನ ಬಂದು ಗುಣ ಆಗಿ ತಿಂಗಳು ಕಳುದ ಕಾಗತ. ಪೆರ್ಲ ಪೇಟೆಲಿ ಬೆಲ್ಲ ತಪ್ಪಲೆ ಎನ್ನ ಸೂಜಿ ಸಾಕು. ಸಾರಡ್ಕಲ್ಲಿ ಅಬ್ಬೆಯ ಕಾಂಬಲೆ ಸಾಲ. ಎಡೆಲಿ ಇಪ್ಪದು ಒಂದು ಗುಡ್ಡೆ.

ಒಂದು ದಿನ ಉದಿಯಪ್ಪಗ ಅಣ್ಣನ ಫೋನು. ಅಬ್ಬೆ ಬೆಶಿನೀರ ಕೊಟ್ಟಗೆಲಿ ಜಾರಿ ಬಿದ್ದಿದು, ಹಂದುಲೆ ಎಡಿತ್ತಿಲ್ಲೆ, ಕೊಡೆಯಾಲಕ್ಕೆ ಕರಕ್ಕೊಂಡು ಹೋವುತ್ತಾ ಇದ್ದೆ ಹೇಳಿ. ಆನು ಇಪ್ಪ ಸೀರೆಲೇ ಹೆರಟೆ. ಕೈಲಿ ಎರಡು ಡೋಸಿನ ಸರ್ಟಿಫಿಕೇಟು.

ಆದೇಶಲ್ಲಿ ಇತ್ತು, ಮನೆಲಿ ಸಾವು, ಚಿಕಿತ್ಸೆ ಹಾಂಗಿಪ್ಪ ತುರ್ತು ಇದ್ದರೆ ಗಡಿಲಿಯೇ ಮೂಗಿಂಗೆ ಕಡ್ಡಿ ಹಾಕಿ, ವಿಳಾಸ ಬರಕ್ಕೊಂಡು ಬಿಡ್ಲಕ್ಕು ಹೇಳಿ. ಅದು ಎನಗೆ ಆ ದಿನ ಗೊಂತಿತ್ತಿಲ್ಲೆ. ಗೇಟಿಲಿ ನಿಂದವಂಗುದೆ ಗೊಂತಿತ್ತಿಲ್ಲೆ. "ಚಿಕಿತ್ಸೆ ನಿಮಗಲ್ಲವಲ್ಲ ಅಮ್ಮಾ, ನಿಮ್ಮ ತಾಯಿಗೆ" ಹೇಳಿದ°. ಎನ್ನ ಮಗನ ಪ್ರಾಯದ ಮಾಣಿ, ಮಳಗೆ ಚೆಂಡಿ ಆಗಿಗೊಂಡು ನಿಂದಿತ್ತಿದ್ದ°. ಅವನ ಮೇಲೆ ಎನಗೆ ಕೋಪ ಇಲ್ಲೆ. ಕೇಳ್ಲೆ ಅವಂಗೂ ಆರೂ ಇತ್ತಿದ್ದವಿಲ್ಲೆ.

ತಿರುಗಿ ಬಂದು ಪರೀಕ್ಷೆಯ ಸಾಲಿಲಿ ನಿಂದೆ. ಜ್ವರ ಇಪ್ಪವು, ಸೆಮ್ಮುವವು, ಎನ್ನ ಹಾಂಗೆ ಬರೇ ಕಾಗತಕ್ಕೆ ಬಂದವು, ಎಲ್ಲ ಒಂದೇ ಸಾಲು. ಇಲ್ಲದ್ದವಕ್ಕೂ ಅಲ್ಲಿ ಸಿಕ್ಕುಗು! ನೆಗೆಟಿವ್ ಹೇಳಿರೆ ಕಡ್ಡಿ ಹಾಕಿದ ಗಳಿಗೆಲಿ ಮೂಗಿಲಿ ಸಿಕ್ಕಿದ್ದಿಲ್ಲೆ ಹೇಳಿ ಮಾಂತ್ರ, ಮೂರು ದಿನದ ಗ್ಯಾರಂಟಿ ಅಲ್ಲ. ಹಾಂಗೇ ಗುಣ ಆದವಕ್ಕುದೆ ಕೆಲವು ವಾರ ಪಾಸಿಟಿವ್ ಬಪ್ಪದಿದ್ದು, ವೈರಸ್ಸಿನ ಸತ್ತ ತುಂಡುಗೊ ಪರೀಕ್ಷೆಲಿ ಸಿಕ್ಕುತ್ತ ಕಾರಣ. ಆಚಮನೆ ಭಾವ° ಎರಡು ಸರ್ತಿ ಹಾಂಗೆ ಸಿಕ್ಕಿಬಿದ್ದಿದ°, ಜ್ವರ ಬಿಟ್ಟು ಮೂರು ವಾರ ಆಗಿ ತೋಟಲ್ಲಿ ಅಡಕ್ಕೆ ಹೆರ್ಕಿಗೊಂಡಿಪ್ಪಗ.

ಎನ್ನ ಕಾಗತ ಬಪ್ಪಗ ಮರದಿನ ಹೊತ್ತೋಪಗ ಆತು. ಅಷ್ಟಪ್ಪಗ ಅಬ್ಬೆಯ ಸೊಂಟದ ಆಪರೇಶನ್ ಮುಗುದಿತ್ತು. ಹಾಸಿಗೆ ಹತ್ತರೆ ಹೋಗಿ ಕೈ ಹಿಡುದಪ್ಪಗ ಅಬ್ಬೆ ಕೇಳಿತ್ತು, "ಎರಡು ಸೂಜಿ ತೆಕ್ಕೊಂಡು ನಿನಗೆ ಎಂತ ಪ್ರಯೋಜನ ಆತು ಮಗಳೇ? ಬಿಟ್ಟಿದವಿಲ್ಲೆನ್ನೆ. ಅಂಬಗ ಎನಗೆಂತಕೆ ಅದು?"

ಲಸಿಕೆ ಇಪ್ಪದು ಗೇಟಿಂಗೆ ಅಲ್ಲ, ಶ್ವಾಸಕೋಶಕ್ಕೆ ಹೇಳಿ ಹೇಳ್ಲಾವುತಿತ್ತು. ಹೇಳಿದ್ದಿಲ್ಲೆ. ಟೀವಿಲಿ ಒಂದು ಸರಕಾರ ಇದರ ತೆಕ್ಕೊಂಡ್ರೆ ಬಚಾವು ಹೇಳ್ತು, ಗೇಟಿಲಿ ಇನ್ನೊಂದು ಸರಕಾರ ಇದು ಲೆಕ್ಕಕ್ಕಿಲ್ಲೆ ಹೇಳ್ತು. ಅಬ್ಬೆ ನಂಬಿದ್ದು ಗೇಟಿನ. ಅದು ಕಣ್ಣಿಂಗೆ ಕಾಣ್ತನ್ನೆ.

ಸೂಜಿ ತೆಕ್ಕೊಂಡವಕ್ಕೂ ಕೊರೋನ ಬಕ್ಕು, ಅವರಿಂದ ಇನ್ನೊಬ್ಬಂಗೂ ಹರಡುಗು, ಹಾಂಗಾಗಿ ಪರೀಕ್ಷೆ ಕೇಳ್ತೆಯ°, ಆದರೆ ಸೂಜಿ ಆದವು ಸಾವಷ್ಟು ಅಪ್ಪದು ಕಮ್ಮಿ. ಇಷ್ಟರ ಎಂಗಳ ಮಾತಿಲಿ ಆರಾರು ಹೇಳಿದ್ದರೆ ಅಬ್ಬೆಗೆ ಖಂಡಿತ ತಲಗೆ ಹೋವುತಿತ್ತು. ಹಟ್ಟಿಲಿ ಎಷ್ಟೋ ದನಂಗಳ ಬಾಣಂತನ ಮಾಡಿದ ಜೆನ ಅದು. ಮದ್ದು ಹೇಳಿರೆ ಪೂರ್ತಿ ಗುಣ ಹೇಳಿ ಅಲ್ಲ ಹೇಳ್ತದು ಅದಕ್ಕೆ ಎನ್ನಂದ ಚೆಂದಕೆ ಗೊಂತಿದ್ದು.

ಅಕೇರಿಗೆ ಅಬ್ಬೆ ಸೂಜಿ ತೆಕ್ಕೊಂಡದು ದೀಪಾವಳಿ ಕಳುದ ಮತ್ತೆ. ಎನ್ನ ಮಾತಿಂದ ಅಲ್ಲ, ಡಾಕ್ಟ್ರಂದಲೂ ಅಲ್ಲ. ಅಲ್ಯಾಣ ಆಶಾ ಕಾರ್ಯಕರ್ತೆ ಒಂದು ಕೂಸು, ನಾಲ್ಕು ಸರ್ತಿ ಮನಗೆ ಬಂದಿತ್ತಡ. ಲಸಿಕೆ ಇಲ್ಲದ್ದರೆ ರೇಶನ್ ಇಲ್ಲೆ ಹೇಳಿ ಕೆಲವು ದಿಕ್ಕೆ ಹೆದರ್ಸಿಗೊಂಡಿಪ್ಪ ಕಾಲ. ಅದು ಹೆದರ್ಸಿದ್ದಿಲ್ಲೆ. ಜೆಗಿಲಿಲಿ ಕೂದು ಮಜ್ಜಿಗೆ ಕುಡುದು, ಅಬ್ಬೆ ಹೇಳಿದ್ದೆಲ್ಲ ಕೇಳಿ, "ಒಂದು ದಿನ ಜ್ವರ ಬಕ್ಕು, ಕೈ ಬೇನೆ ಅಕ್ಕು ಅಜ್ಜಿ. ಹೆಚ್ಚಾದರೆ ಇರುಳಾದರೂ ಎನಗೆ ಫೋನು ಮಾಡಿ" ಹೇಳಿತ್ತಡ. ನಂಬರಿನ ಗೋಡೆಲಿ ಮಸಿಲಿ ಬರಶಿ ಮಡಗಿದ್ದು ಅಬ್ಬೆ, ಈಗಳೂ ಇದ್ದು.

ಆರಿಂಗೂ ಒತ್ತಾಯಲ್ಲಿ ಲಸಿಕೆ ಕೊಡ್ಲಾಗ, ಮೈಯ ಮೇಲೆ ಅವಕ್ಕವಕ್ಕೆ ಹಕ್ಕಿದ್ದು ಹೇಳಿ 2022ರ ಮೇ 2ಕ್ಕೆ ಸುಪ್ರೀಂ ಕೋರ್ಟು ಹೇಳಿತ್ತು. ಲಸಿಕೆ ನೀತಿ ತಪ್ಪಲ್ಲ ಹೇಳಿಯೂ ಹೇಳಿತ್ತು, ಸೂಜಿಂದ ಆದ ತೊಂದರೆಗಳ ವಿವರವ ಜೆನಂಗೊಕ್ಕೆ ಕಾಂಬ ಹಾಂಗೆ ಮಡಗೆಕ್ಕು ಹೇಳಿಯೂ ಹೇಳಿತ್ತು. ಮೂರುದೆ ಸರಿಯೇ. ಕೋರ್ಟು ಹೇಳುವ ವರೆಗೆ ಕಾವ ಅಗತ್ಯ ಇತ್ತಿಲ್ಲೆ, ಆ ಕೂಸಿನ ಕಳ್ಸಿ ಕಲ್ತಿದ್ದರೆ ಸಾಕಿತ್ತು.

ಮಾವಂಗೆ ಆನು ಆ ದಿನ ಇದೆಲ್ಲ ಹೇಳಿದ್ದಿಲ್ಲೆ. ಕಾಪಿ ಮಾಡಿ ಕೊಟ್ಟೆ, ಅವು ಹೆರಟವು. ಇರುಳು ಅಬ್ಬೆಗೆ ಫೋನು ಮಾಡಿ, ಹಾಸನದ ಸುದ್ದಿ ಕೇಳಿ ಹೆದರಿದೆಯೋ ಹೇಳಿ ಕೇಳಿದೆ. "ಹೆದರಿಕೆ ಎಂತಕೆ? ಆ ಆಶಾ ಕೂಸಿನತ್ರೆ ಕೇಳಿ ಆಯಿದು. ಅಜ್ಜೀ, ನಿಂಗಳ ಹೃದಯ ಹಾಳಪ್ಪದಾದರೆ ಸಕ್ಕರೆಂದ, ಸೂಜಿಂದ ಅಲ್ಲ ಹೇಳಿತ್ತು. ಕಾಪಿಗೆ ಸಕ್ಕರೆ ಹಾಕುದು ಬಿಟ್ಟಿದೆ" ಹೇಳಿತ್ತು ಅಬ್ಬೆ.

ಮತ್ತೆ ಅಣ್ಣನತ್ರೆ ವಿಚಾರ್ಸಿದೆ. ಬೆಲ್ಲ ಹಾಕಿ ಕುಡಿತ್ತಡ.