ಬೈಗುಳ ದೊಡ್ಡದೋ, ಸುಳ್ಳು ದೊಡ್ಡದೋ?

ಸಂಪಾಜೆಯ ನಮ್ಮ ಮನೆಗೆ ಆಗಾಗ ಬರುವ ಮಾಷ್ಟ್ರೊಬ್ಬರಿಗೆ ನಾನು ಓದಲು ಕೊಟ್ಟ ಕಾದಂಬರಿ ಮೂರೇ ದಿನಕ್ಕೆ ವಾಪಸು ಬಂತು. “ಮಕ್ಕಳಿರುವ ಮನೆಯಲ್ಲಿ ಇದನ್ನು ಇಡಬೇಡಿ ಮಾರಾಯ್ರೆ, ಬರೀ ಹೊಲಸು ಬೈಗುಳ” ಎಂದರು.

ಅದು ಮಾರ್ಕ್ ಹ್ಯಾಡನ್ ಬರೆದು 2003ರಲ್ಲಿ ಪ್ರಕಟವಾದ ‘ದಿ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದಿ ಡಾಗ್ ಇನ್ ದಿ ನೈಟ್ ಟೈಮ್’. ಕತೆ ಹೇಳುವವನು 15 ವರ್ಷದ ಕ್ರಿಸ್ಟೋಫರ್. ಆಟಿಸಂ ಇರುವ ಹುಡುಗನೆಂದೇ ಓದುಗರೆಲ್ಲ ಅವನನ್ನು ತಿಳಿದಿದ್ದಾರೆ. ಪುಸ್ತಕದ ಬೈಗುಳ ಕಂಡು ಮುಖ ಸಿಂಡರಿಸಿದವರು ನಮ್ಮ ಮಾಷ್ಟ್ರು ಒಬ್ಬರೇ ಅಲ್ಲ. 2015ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಒಂದು ಪ್ರೌಢಶಾಲೆ, ಪೋಷಕರು ದೂರಿದರೆಂದು, ರಜೆಯ ಕಡ್ಡಾಯ ಓದಿನಿಂದ ಇದನ್ನು ಕೈಬಿಟ್ಟಿತು.

ಬೈಗುಳ ಇರುವುದು ನಿಜ. ಆದರೆ ಬೈಯುವವರು ಯಾರು? ಹೆಚ್ಚಾಗಿ ಹುಡುಗನ ಸುತ್ತಲಿನ ದೊಡ್ಡವರು. ಸುಳ್ಳು ಹೇಳಲು ಬಾರದ ಆತ, ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ಬರೆದಿಟ್ಟಿದ್ದಾನೆ. ಕುಂಬಳಕಾಯಿ ಕಳ್ಳ ಎಂದರೆ ನಾವೇಕೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು?

ನನಗೆ ಅಸಹ್ಯವೆನಿಸಿದ್ದು ಬೇರೆ. ತಾಯಿ ಮನೆ ಬಿಟ್ಟು ಹೋಗಿದ್ದಾಳೆ. ತಂದೆ ಅವಳು ಸತ್ತಳೆಂದು ಮಗನನ್ನು ನಂಬಿಸಿ, ಅವಳು ಬರೆದ ಪತ್ರಗಳನ್ನು ಬಚ್ಚಿಡುತ್ತಾನೆ. ಈ ಸುಳ್ಳಿನ ಬಗ್ಗೆ ಮಾಷ್ಟ್ರು ಚಕಾರ ಎತ್ತಲಿಲ್ಲ. ಎತ್ತುವ ಯೋಗ್ಯತೆ ನನಗೂ ಇಲ್ಲ.

ನನ್ನ ತಂಗಿಯ ಮಗನಿಗೂ ಆಟಿಸಂ ಇದೆ. ಮಾತು ಬಲು ಕಡಿಮೆ. ನನ್ನ ಅಪ್ಪ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಹುಡುಗನನ್ನು ಸುಳ್ಯದ ನೆಂಟರಲ್ಲಿ ಬಿಟ್ಟು, “ಅಜ್ಜ ಮಂಗಳೂರಿಗೆ ಹೋಗಿದ್ದಾರೆ, ಬರುತ್ತಾರೆ” ಎಂದೆವು. ಅವನಿಗೆ ಏನು ಗೊತ್ತಾಗುತ್ತದೆ ಎಂಬ ಧೈರ್ಯ! ಎರಡು ತಿಂಗಳು ಅವನು ದಿನವೂ ಸಂಜೆ ರಸ್ತೆ ಬದಿಗೆ ಹೋಗಿ, ಮಂಗಳೂರಿನಿಂದ ಬರುವ ಬಸ್ಸಿನ ಬಾಗಿಲನ್ನೇ ನೋಡುತ್ತ ನಿಂತ. ‘ಹಠ’ ಎಂದು ನಾವು ಎಳೆದುಕೊಂಡು ಬಂದೆವು.

ಪುಸ್ತಕವನ್ನು ಹೊಗಳುವವರೂ ಸಾಚಾಗಳಲ್ಲ. ಅದನ್ನು ಓದಿದ ಸ್ನೇಹಿತರೊಬ್ಬರು, “ಹಾಗಾದರೆ ನಿಮ್ಮ ಹುಡುಗ ಲೆಕ್ಕದಲ್ಲಿ ಭಾರೀ ಜೋರಿರಬೇಕು” ಎಂದರು. ಕ್ರಿಸ್ಟೋಫರ್ ಒಬ್ಬ ಕ್ರಿಸ್ಟೋಫರ್ ಮಾತ್ರ. ಅವನನ್ನು ಕಲ್ಪಿಸಿದವನು ಹೊರಗೆ ನಿಂತ ಒಬ್ಬ ಲೇಖಕ. ಒಳಗಿನವರ ಮಾತನ್ನು ನಾವು ಹುಡುಕಿದ್ದೇವೆಯೇ? ಹ್ಯಾಡನ್‌ಗಿಂತ ಮೂರು ವರ್ಷ ಮೊದಲು, 2000ರಲ್ಲಿ, ನಮ್ಮದೇ ಮೈಸೂರು, ಬೆಂಗಳೂರುಗಳಲ್ಲಿ ಬೆಳೆದ ಹುಡುಗ ತೀತೋ ಮುಖೋಪಾಧ್ಯಾಯನ ಪುಸ್ತಕ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಬಾಯಿಯಲ್ಲಿ ಮಾತಾಡುವುದು ಅವನಿಗೆ ಬಹಳ ಕಷ್ಟ. ಅವನ ತಾಯಿ ರೂಪಿಸಿದ ಕಲಿಕೆಯ ಕ್ರಮದ ಬಗ್ಗೆ ತಜ್ಞರ ತಕರಾರು ಇನ್ನೂ ಮುಗಿದಿಲ್ಲ. ತಕರಾರು ಇರಲಿ, ನಮ್ಮಲ್ಲಿ ಅವನ ಹೆಸರು ಕೇಳಿದವರಾದರೂ ಎಷ್ಟು ಮಂದಿ?

ಕಾನೂನು ಕೂಡ ಕಣ್ಣು ಬಿಟ್ಟದ್ದು ನಿಧಾನವಾಗಿ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯ್ದೆಯಲ್ಲಿ ಬಂತು. ಆದರೆ ಮಗುವಿಗೆ ನಿಜ ಹೇಳಬೇಕೆಂದು ಯಾವ ಕಾಯ್ದೆ ನಮಗೆ ಕಲಿಸೀತು?

ಕಾದಂಬರಿ ಓದಿ ಮುಗಿಸಿದ ಮರುದಿನ ಅವನ ಕೈಹಿಡಿದು, ತೋಟದ ಅಂಚಿನಲ್ಲಿ ಅಪ್ಪನನ್ನು ಸುಟ್ಟ ಜಾಗಕ್ಕೆ ಕರೆದುಕೊಂಡು ಹೋದೆ. “ಅಜ್ಜ ಸತ್ತರು. ಇನ್ನು ಬರುವುದಿಲ್ಲ. ನಾವು ಸುಳ್ಳು ಹೇಳಿದೆವು” ಎಂದೆ. ಅವನು ಮಾತಾಡಲಿಲ್ಲ. ಬಹಳ ಹೊತ್ತು ಅಲ್ಲೇ ಕುಳಿತ. ಅಂದು ಸಂಜೆ ಬಸ್ಸಿಗೆ ಕಾಯಲು ಹೋಗಲಿಲ್ಲ.

ಮಾಷ್ಟ್ರೇ, ಆ ಪುಸ್ತಕ ಮಕ್ಕಳಿರುವ ನಮ್ಮ ಮನೆಯಲ್ಲೇ ಇರುತ್ತದೆ.