ನೇತ್ರಾಣಿಯ ಬಂಡೆಗಳು ಮತ್ತು ಶ್ರಾವಕನ ಎಲ್ಲೆ

ಮಳೆಗಾಲ ಕಳೆದು ಕಡಲು ಶಾಂತವಾಗುತ್ತಲೇ ಹುಬ್ಬಳ್ಳಿ-ಧಾರವಾಡದಿಂದ ಮುರ್ಡೇಶ್ವರದತ್ತ ಹೊರಡುವ ವಾಹನಗಳು ಹೆಚ್ಚುತ್ತವೆ. ದೇವರ ದರ್ಶನ ಮುಗಿಸಿದ ಅನೇಕರು ಅಲ್ಲಿಂದ ದೋಣಿಯೇರಿ ನೇತ್ರಾಣಿಗೆ ಹೋಗುತ್ತಾರೆ. ತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ಕಡಿದಾದ ಬಂಡೆಗಳೊಡನೆ ಎದ್ದು ನಿಂತಿರುವ ಈ ದ್ವೀಪವು ಸ್ಕೂಬಾ ಡೈವಿಂಗ್ ಮಾಡುವವರಿಗೆ ವಿನೋದಸ್ಥಾನ. ನೌಕಾಪಡೆಗೆ ಗುರಿಯಭ್ಯಾಸದ ನೆಲೆಯಾಗಿ ಬಳಕೆಯಾದ ಜಾಗ. ಬಿಳಿಹೊಟ್ಟೆಯ ಕಡಲ ಹದ್ದಿಗಾದರೋ ಮನೆ.

ಈ ಹದ್ದು ಎತ್ತರದ ಮರದ ಮೇಲೆ ಕಡ್ಡಿಗಳನ್ನೊಟ್ಟಿ ಗೂಡು ಕಟ್ಟುತ್ತದೆ. ಒಮ್ಮೆ ಕಟ್ಟಿದ ಗೂಡನ್ನೇ ವರ್ಷವರ್ಷವೂ ದುರಸ್ತಿ ಮಾಡಿಕೊಂಡು ಬಳಸುತ್ತದೆ. ಸಾಮಾನ್ಯವಾಗಿ ಇಡುವುದು ಎರಡೇ ಮೊಟ್ಟೆ. ಗದ್ದಲಕ್ಕೆ ಬೆದರಿ ತಾಯಿಹಕ್ಕಿ ಹಾರಿಹೋದರೆ ಮೊಟ್ಟೆ ಬಿಸಿಲಿಗೆ ಕೆಡುತ್ತದೆ, ಇಲ್ಲವೇ ಬೇರೆ ಹಕ್ಕಿಯ ಪಾಲಾಗುತ್ತದೆ. ಯಾರೂ ಕಲ್ಲೆಸೆಯಲಿಲ್ಲ, ಯಾರೂ ಬೇಟೆಯಾಡಲಿಲ್ಲ. ಆದರೂ ಪಂಚೇಂದ್ರಿಯ ಜೀವವೊಂದರ ಘಾತವಾಯಿತು. ಜೈನಾಚಾರ್ಯರು ಹಿಂಸೆಯ ಮೂಲವನ್ನು ದ್ವೇಷದಲ್ಲಿ ಮಾತ್ರವಲ್ಲದೆ ಪ್ರಮಾದದಲ್ಲಿಯೂ ಕಂಡದ್ದು ಇಂತಹ ಸಂದರ್ಭಗಳಿಗಾಗಿಯೇ ಎನ್ನಬೇಕು.

ನೌಕಾಪಡೆಯ ಪ್ರಶ್ನೆ ಇಷ್ಟು ಸರಳವಲ್ಲ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಪರಂಪರೆಯಲ್ಲಿ ಗೃಹಸ್ಥನು ಪೂರ್ಣವಾಗಿ ತ್ಯಜಿಸಲೇಬೇಕಾದುದು ಮೊದಲನೆಯದು. ದೇಶರಕ್ಷಣೆ ನಾಲ್ಕನೆಯದಕ್ಕೆ ಸೇರುತ್ತದೆ. ಗಂಗರ ಸೇನಾನಿ ಚಾವುಂಡರಾಯನು ಶ್ರಾವಕನಾಗಿಯೂ ಖಡ್ಗ ಹಿಡಿದದ್ದು ಈ ನೆಲೆಯಲ್ಲಿಯೇ. ಆದರೆ ನೇತ್ರಾಣಿಯ ಬಂಡೆಯ ಮೇಲೆ ವಿರೋಧಿ ಯಾರು? ಸೈನಿಕನಿಗೆ ಅಭ್ಯಾಸ ಬೇಕು, ಅದರಲ್ಲಿ ಸಂಶಯವಿಲ್ಲ. ಆ ಅಭ್ಯಾಸ ಗೂಡುಗಳಿರುವ ದ್ವೀಪದ ಮೇಲೆಯೇ ನಡೆಯಬೇಕೆಂಬುದು ರಕ್ಷಣೆಯ ಅಗತ್ಯವಲ್ಲ, ಸ್ಥಳದ ಆಯ್ಕೆ. ತೇಲುವ ಗುರಿಗಳನ್ನು ಬಳಸುವ ಕ್ರಮವೂ ಲೋಕದ ನೌಕಾಪಡೆಗಳಲ್ಲಿ ಇದೆ. ಬೇರೆ ದಾರಿಯಿರುವಾಗ ಆಗುವ ಹಿಂಸೆಯನ್ನು ಅನರ್ಥದಂಡವೆಂದಲ್ಲದೆ ಬೇರೆ ಹೆಸರಿನಿಂದ ಕರೆಯುವುದು ಕಷ್ಟ.

ಪ್ರವಾಸಿಗಳಿಗೆ ಸಂಬಂಧಿಸಿದಂತೆ ಶ್ರಾವಕಾಚಾರದಲ್ಲಿ ಇನ್ನೂ ನೇರವಾದ ಮಾತಿದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ದಿಗ್ವ್ರತವನ್ನು ವಿವರಿಸುವಾಗ, ಗೃಹಸ್ಥನು ತನ್ನ ಸಂಚಾರಕ್ಕೆ ಹಾಕಿಕೊಳ್ಳಬಹುದಾದ ಎಲ್ಲೆಗಳಲ್ಲಿ ಸಮುದ್ರ, ನದಿ, ಅಡವಿ, ಬೆಟ್ಟಗಳನ್ನು ಹೇಳುತ್ತಾರೆ. ಎಲ್ಲೆಯಾಚೆಗಿನ ಜೀವಗಳಿಗೆ ಅವನಿಂದ ಸೂಕ್ಷ್ಮ ಹಿಂಸೆಯೂ ಆಗದಿರುವುದರಿಂದ, ಅಲ್ಲಿಯ ಮಟ್ಟಿಗೆ ಅವನ ಅಣುವ್ರತವು ಮಹಾವ್ರತದಂತಾಗುತ್ತದೆ ಎಂಬುದು ಅವರ ಅಭಿಪ್ರಾಯ. ಹಡಗಿನ ವ್ಯಾಪಾರವನ್ನು ಕಂಡಿದ್ದ ಕಾಲದ ಈ ವ್ರತವನ್ನು ಇಂದಿನವರು ಹಳೆಯದೆಂದು ಬದಿಗಿರಿಸಿದ್ದಾರೆ. ಪರ್ಯೂಷಣ ಮತ್ತು ದಶಲಕ್ಷಣ ಪರ್ವಗಳಲ್ಲಿ ಹಸಿರು ತರಕಾರಿಯನ್ನು ಬಿಡುವ ಮನೆಗಳಲ್ಲಿಯೂ ವಾರಾಂತ್ಯದ ಪ್ರವಾಸಕ್ಕೆ ಎಲ್ಲೆಯೆಂಬುದಿಲ್ಲ.

ದಿಗ್ವ್ರತ ಜೀವನಪರ್ಯಂತದ್ದು, ಎಲ್ಲರಿಗೂ ಸಾಧ್ಯವಾಗದು. ಅದರೊಳಗೇ ಕಾಲಮಿತಿಯುಳ್ಳ ದೇಶವ್ರತವಿದೆ: ಇಷ್ಟು ದಿನ, ಇಷ್ಟು ತಿಂಗಳು ಈ ಗಡಿಯನ್ನು ದಾಟೆನೆಂಬ ನಿಯಮ. ಕಡಲ ಹದ್ದು ನಮ್ಮ ಕರಾವಳಿಯಲ್ಲಿ ಗೂಡು ಕಟ್ಟತೊಡಗುವುದು ಅಕ್ಟೋಬರಿನ ಸುಮಾರಿಗೆ. ಮುರ್ಡೇಶ್ವರದ ದೋಣಿಗಳು ಹೊರಡತೊಡಗುವುದೂ ಆಗಲೇ. ಮರಿಗಳು ರೆಕ್ಕೆ ಬಲಿತು ಹಾರುವವರೆಗೆ ಬಂಡೆಗಳ ಸಮೀಪಕ್ಕೆ ದೋಣಿಯನ್ನು ಒಯ್ಯಿಸೆನೆಂದು ಪ್ರವಾಸಿಗನು ನಿಯಮ ಮಾಡಿಕೊಳ್ಳಲು ಯಾವ ಸರಕಾರಿ ಆದೇಶಕ್ಕೂ ಕಾಯಬೇಕಾಗಿಲ್ಲ.